ಕೇದಾರದ ಕಂದು ಪಾತರಗಿತ್ತಿ

ನಮ್ಮ ಸಿಂಧನೂರು ಕಡೆಯಿಂದ ಕೇದಾರಕ್ಕೆ ಹೋಗಿಬಂದವರು ಬೇಕಾದಷ್ಟು ಮಂದಿ ಇದ್ದಾರೆ. ಕುದುರೆಯ ಮೇಲೆ ಹೋದವರಿದ್ದಾರೆ, ಡೋಲಿಯಲ್ಲಿ ಹೋದವರಿದ್ದಾರೆ, ಹೆಲಿಕಾಪ್ಟರಿನಲ್ಲಿ ಹೋಗಿ ಆ ಹೆಲಿಕಾಪ್ಟರಿನ ಫೋಟೋವನ್ನೇ ಜಗುಲಿಯ ಮೇಲೆ ದೇವರ ಪಕ್ಕ ಇಟ್ಟವರೂ ಇದ್ದಾರೆ. ಆದರೆ ಅಷ್ಟು ದೂರ ಹೋಗಿ, ಗುಡಿಯ ಮುಂದಿನವರೆಗೂ ಏರಿ, ದೇವರನ್ನು ಬಿಟ್ಟು ಒಂದು ಪಾತರಗಿತ್ತಿಯನ್ನು ನೋಡಿಕೊಂಡು ಬಂದವನು ನಮ್ಮ ಕಾಕಾ ಒಬ್ಬನೇ. ಬಂದವನು ಸುಮ್ಮನಾದರೂ ಇದ್ದನೇ? ಅದನ್ನು ಊರಿಗೆಲ್ಲ ಹೇಳಿದ!

ಅದೂ ಎಂಥ ಪಾತರಗಿತ್ತಿ ಅಂತೀರಿ? ಮಕ್ಕಳ ಪುಸ್ತಕದ ರಟ್ಟಿನ ಮೇಲೆ ಇರುತ್ತವಲ್ಲ, ಹಳದಿ ನೀಲಿ ಬಣ್ಣದವು, ಅಂಥದ್ದಾಗಿದ್ದರೆ ಹೋಗಲಿ ಎನ್ನಬಹುದಿತ್ತು. ಇದು ಕಂದು ಬಣ್ಣದ್ದು. ಚಾ ಸೋಸಿದ ಮೇಲೆ ಜಾಳಿಗೆಯಲ್ಲಿ ಉಳಿಯುವ ಪುಡಿಯ ಬಣ್ಣ. ಇಷ್ಟಕ್ಕೆ ಯಾರಾದರೂ ದೇವರ ಸಾಲು ಬಿಡುತ್ತಾರೆಯೇ?

ಕಾಕಾ ನನ್ನ ಅಪ್ಪನ ಕೊನೆಯ ತಮ್ಮ, ನಾನು ಅವನ ಅಣ್ಣನ ಮಗಳು. ಸಿಂಧನೂರಿನಲ್ಲಿ ಅವನ ಗೊಬ್ಬರ ಮತ್ತು ಎಣ್ಣೆಯ ಅಂಗಡಿಯಿದೆ. ಎಣ್ಣೆ ಎಂದರೆ ಒಗ್ಗರಣೆಗೆ ಹಾಕುವುದಲ್ಲ, ಬೆಳೆಗೆ ಬಿದ್ದ ಹುಳ ಸಾಯಲೆಂದು ಹೊಡೆಯುವುದು. ಬಳಗಾನೂರು, ಮುಕ್ಕುಂದದ ರೈತರು ಹೊಲದಲ್ಲಿ ಕಂಡ ಹುಳವನ್ನು ಎಲೆಯ ಸಮೇತ ಖಾಲಿ ನೀರಿನ ಬಾಟಲಿಯಲ್ಲಿ ಹಾಕಿಕೊಂಡು ಅವನ ಹತ್ತಿರ ಬರುತ್ತಾರೆ. ಕಾಕಾ ಕನ್ನಡಕ ಏರಿಸಿ, ಬಾಟಲಿಯನ್ನು ಬೆಳಕಿಗೆ ಹಿಡಿದು, ಹುಳದ ಜಾತಿ, ವಯಸ್ಸು, ಹಸಿವು ಎಲ್ಲವನ್ನೂ ಹೇಳಿ ತಕ್ಕ ಡಬ್ಬಿ ಎತ್ತಿಕೊಡುತ್ತಾನೆ. ಹುಳಗಳ ಪಾಲಿಗೆ ಅವನು ಯಮ. ಪಕ್ಕಾ ಬಿಲ್ಲು ಕೊಡುವ ಯಮ.

ಅವನಿಗಿರುವ ದೊಡ್ಡ ರೋಗವೆಂದರೆ ಇದ್ದದ್ದನ್ನು ಇದ್ದ ಹಾಗೇ ಹೇಳುವುದು. ಮದುವೆ ಮನೆಯಲ್ಲಿ ಹೆಣ್ಣಿನ ತಂದೆ ಕೈಮುಗಿದು "ಊಟ ಚಲೋ ಆತೇನ್ರಿ?" ಎಂದು ಕೇಳಿದರೆ ನಾವು ನೀವು ಏನು ಹೇಳುತ್ತೇವೆ? ಕಾಕಾ ಮಾತ್ರ "ಅನ್ನ ತಳ ಹತ್ತಿತ್ತು, ಮಜ್ಜಿಗಿ ಚಲೋ ಇತ್ತು" ಎನ್ನುತ್ತಾನೆ. ಅಂಗಡಿಯಲ್ಲೂ ಇದೇ ಕಥೆ. ಒಮ್ಮೆ ಒಬ್ಬ ರೈತ ಡಬ್ಬಿ ತಿರುಗಿಸಿ ನೋಡುತ್ತ ಕೇಳಿದ:

"ಇದು ಹೊಡದ್ರ ಹುಳ ಪೂರಾ ಸಾಯ್ತಾವೇನ್ರಿ?"

"ಅರ್ಧ ಸಾಯ್ತಾವ. ಅರ್ಧ ಬಾಜೂ ಹೊಲಕ್ಕ ಹೋಗ್ತಾವ."

"ಬಾಜೂ ಹೊಲ ನಮ್ಮ ತಮ್ಮಂದು."

"ಹಂಗಾದ್ರ ಬ್ಯಾಡೇನು?"

"ಇರ್ಲಿ, ಎರಡು ಡಬ್ಬಿ ಕೊಡ್ರಿ."

ಹೀಗೆ ಅವನ ಸತ್ಯದಿಂದಲೂ ವ್ಯಾಪಾರ ನಡೆಯುತ್ತಿತ್ತು. ತೊಂದರೆ ಬಂದದ್ದು ಕೇದಾರದಲ್ಲಿ.

ಕೇದಾರಕ್ಕೆ ಹೋಗುವ ಹರಕೆ ಕಾಕಾನದಲ್ಲ, ಚಿಗವ್ವನದು. ಕಾಕಾನ ಹೆಂಡತಿಯನ್ನು ನಾನು ಚಿಗವ್ವ ಎನ್ನುತ್ತೇನೆ. ಹಿಂದೆ ಕಾಕಾನಿಗೆ ಕಾಮಾಲೆಯಾಗಿ, ಕಣ್ಣು ಉಗುರು ಎಲ್ಲ ಹಳದಿಯಾಗಿ, ಡಾಕ್ಟರೇ ಮುಖ ಸಣ್ಣ ಮಾಡಿದ ದಿನ, ಚಿಗವ್ವ ಆಸ್ಪತ್ರೆಯ ವರಾಂಡದಲ್ಲಿ ನಿಂತು ಉತ್ತರಕ್ಕೆ ಮುಖಮಾಡಿ ಕೈಮುಗಿದಿದ್ದಳು. ಇವರು ಎದ್ದು ಕುಳಿತರೆ ನಿನ್ನ ಬಾಗಿಲಿಗೆ ಬಂದು ಹಣೆ ಹಚ್ಚುತ್ತೇನೆ ಎಂಬ ಮಾತು. ಕಾಕಾ ಎದ್ದು ಕುಳಿತ. ಎದ್ದವನೇ ಆಸ್ಪತ್ರೆಯ ಗಂಜಿ ತೆಳುವಾಗಿದೆ ಎಂದ. ಆಮೇಲೆ ಮಗಳ ಮದುವೆ, ಮನೆ ಕಟ್ಟುವುದು ಎಂದು ಹರಕೆ ಮುಂದೆ ಹೋಗುತ್ತ ಹೋಗುತ್ತ, ಕಳೆದ ಬೇಸಿಗೆಯಲ್ಲಿ ನಮ್ಮ ಓಣಿಯ ಗುಂಪಿನ ಜೊತೆ ನಾವು ಮೂವರೂ ಹೊರಟೆವು. ನಾನು ಹೋದದ್ದು ಭಕ್ತಿಯಿಂದಲ್ಲ. ಲಿಂಗಸುಗೂರಿನ ಕಾಲೇಜಿನಲ್ಲಿ ಪಾಠ ಹೇಳುವ ನನಗೆ ರಜೆಯಿತ್ತು, ಅಲ್ಲಿ ತಂಪಿದೆ ಎಂದು ಕೇಳಿದ್ದೆ.

ಬೆಟ್ಟದ ಬುಡದ ಊರು ಮುಟ್ಟುವಷ್ಟರಲ್ಲಿ ಚಿಗವ್ವನಿಗೆ ಉಸಿರು ಹತ್ತದಾಯಿತು. ಅಲ್ಲಿದ್ದ ಡಾಕ್ಟರು ಬೆರಳಿಗೆ ಚಿಮಟಾದಂಥದ್ದೊಂದು ಸಿಕ್ಕಿಸಿ ನೋಡಿ, ಮೇಲೆ ಹೋಗುವ ಮಾತೇ ಬೇಡ ಎಂದುಬಿಟ್ಟರು. ಇಷ್ಟು ದೂರ ಬಂದು ಬಾಗಿಲಲ್ಲಿ ನಿಂತಂತಾಯಿತು. ಚಿಗವ್ವ ಅಳಲಿಲ್ಲ. ತನ್ನ ಮೈಮೇಲಿನ ಶಾಲು ತೆಗೆದು ಕಾಕಾನಿಗೆ ಹೊದಿಸಿ, ಕೈಗೆ ವಿಭೂತಿ, ಬಿಲ್ವಪತ್ರಿ ಕೊಟ್ಟು, "ನನ್ನ ಪಾಲಿಂದು ನೀವ ಹಣಿ ಹಚ್ಚಿ ಬರ್ರಿ. ನೀವು ನೋಡಿದ್ರ ನಾ ನೋಡಿದಂಗ" ಎಂದಳು. ಕಾಕಾ ನಸುಕಿನಲ್ಲಿ ಕುದುರೆ ಹತ್ತಿದ. ನಾನು ಚಿಗವ್ವನ ಜೊತೆ ಲಾಡ್ಜಿನಲ್ಲಿ ಉಳಿದೆ.

ಸಂಜೆ ಕಾಕಾ ಇಳಿದು ಬಂದ. ಚಿಗವ್ವ ಹಾಸಿಗೆಯಿಂದ ಎದ್ದು ಕುಳಿತು ಸೆರಗು ಸರಿಮಾಡಿಕೊಂಡಳು.

"ದರ್ಶನ ಆತೇನ್ರಿ?"

"ಆಗ್ಲಿಲ್ಲ."

"ಯಾಕ? ಮಂದಿ ಭಾಳ ಇತ್ತೇನು?"

"ಮಂದಿ ಇತ್ತು. ಅದಕ್ಕಲ್ಲ. ಒಂದು ಪಾತರಗಿತ್ತಿ ಬಂದು ಕುಂತಿತ್ತು. ಕಂದು ಬಣ್ಣದ್ದು. ನೋಡ್ಕೋಂತ ಕುಂತೆ. ಅಷ್ಟ್ರಾಗ ಬಾಗಿಲ ಹಾಕಿದ್ರು. ಮಳಿ ಬರಾಕತ್ತೈತಿ ಇಳೀಬೇಕು ಅಂತ ಕುದುರಿಯಾಂವ ಗದ್ದಲ ಹಾಕಿದ."

ಚಿಗವ್ವ ಕೈ ಎತ್ತಿದಳು. ಸಾಕು ಎಂದು ಅರ್ಥ. ಮರುದಿನ ಬೆಳಿಗ್ಗೆ ನಮ್ಮ ಗುಂಪು ಹೊರಡಲೇಬೇಕಿತ್ತು, ರೈಲಿನ ಟಿಕೆಟ್ ಆಗಿತ್ತು. ಎರಡನೆಯ ಸಲ ಏರಲು ದಾರಿಯೇ ಇರಲಿಲ್ಲ. ಆ ಕ್ಷಣದಿಂದ ಚಿಗವ್ವ ಕಾಕಾನೊಂದಿಗೆ ಮಾತು ಬಿಟ್ಟಳು.

ಮಾತು ಬಿಡುವುದೆಂದರೆ ಮಾತೇ ಆಡದಿರುವುದು ಎಂದು ತಿಳಿದಿದ್ದರೆ ನಿಮಗೆ ನಮ್ಮ ಕಡೆಯ ಸಂಸಾರ ಗೊತ್ತಿಲ್ಲ. ಮಾತು ಮೊದಲಿಗಿಂತ ಹೆಚ್ಚಾಯಿತು, ಎಲ್ಲವೂ ನನ್ನ ಮೇಲಿಂದ ಹಾಯ್ದು ಹೋಗತೊಡಗಿತು ಅಷ್ಟೇ. ರೈಲಿನಲ್ಲಿ ಇಬ್ಬರ ನಡುವೆ ನಾನು. "ಅವರಿಗೆ ಕಿಡಕಿ ಹಾಕಂತ ಹೇಳು." ಕಾಕಾ ಒಂದು ಗೇಣು ಆಚೆಗೆ ಕುಳಿತು ಕೇಳಿಸಿಕೊಂಡಿದ್ದಾನೆ. ಆದರೂ ನಾನು ಹೇಳಬೇಕು. ಹೇಳದಿದ್ದರೆ ಇಬ್ಬರೂ ನನ್ನ ಮುಖ ನೋಡುತ್ತಾರೆ. "ಕಿಡಕಿ ಹಾಕಿದ್ರ ಧಗಿ ಆಗ್ತೈತಿ ಅಂತ ಹೇಳು." ಅದನ್ನೂ ಹೇಳಿದೆ. "ಧಗಿ ಆದ್ರ ಆ ಪಾತರಗಿತ್ತಿ ಬಂದು ಗಾಳಿ ಹಾಕ್ತೈತಿ ಅಂತ ಹೇಳು." ಇದನ್ನು ನಾನು ಹೇಳಲಿಲ್ಲ. ಹಿಂದಿನ ಸೀಟಿನವರು ನಕ್ಕರು, ತಲುಪಿತು ಎಂದುಕೊಂಡೆ.

ಊರಿಗೆ ಬಂದ ಮೇಲೆ ಇನ್ನೊಂದು ಫಜೀತಿ. ಕೇದಾರ ಕಂಡು ಬಂದವರ ಪಾದಕ್ಕೆ ನೀರು ಹಾಕಿ ನಮಸ್ಕಾರ ಮಾಡುವುದು ನಮ್ಮಲ್ಲಿ ಪದ್ಧತಿ. ಆ ಪಾದ ಅಲ್ಲಿ ನಿಂತು ಬಂದದ್ದು ನೋಡಿ, ಅದಕ್ಕೆ. ಓಣಿಯವರೆಲ್ಲ ತಂಬಿಗೆ ಹಿಡಿದುಕೊಂಡು ಬಂದರು. ಕಾಕಾ ಎರಡೂ ಕಾಲನ್ನು ಕುರ್ಚಿಯ ಮೇಲೆ ಎತ್ತಿ ಮಡಚಿ ಕುಳಿತುಬಿಟ್ಟ.

"ನನ್ನ ಕಾಲು ಮುಟ್ಟಬ್ಯಾಡ್ರಿ. ನನಗ ದರ್ಶನ ಆಗಿಲ್ಲ."

ಇದನ್ನು ಕೇಳಿ ಜನ ಏನು ಮಾಡಬೇಕಿತ್ತು? ಎದ್ದು ಮನೆಗೆ ಹೋಗಬೇಕಿತ್ತು. ಅದು ಬಿಟ್ಟು, ಎಷ್ಟು ದೊಡ್ಡ ಮನಸ್ಸು ನೋಡಿ, ಆದ ದರ್ಶನವನ್ನೇ ಆಗಿಲ್ಲ ಎನ್ನುತ್ತಾನೆ ಎಂದು ಭಕ್ತಿ ಇಮ್ಮಡಿಯಾಗಿ ಕುರ್ಚಿಯ ಕಾಲಿಗೇ ನೀರು ಹಾಕಿದರು! ಮಸ್ಕಿಯಿಂದ ಬಂದಿದ್ದ ನಮ್ಮ ಹಿರಿಯ ಬೀಗರೊಬ್ಬರು ಮುಂದೆ ಬಂದು ಕುಳಿತರು.

"ದರ್ಶನ ಆಗಿಲ್ಲಂದ್ರ ಮತ್ತೇನು ಕಂಡ್ರಿ ಅಲ್ಲಿ?"

"ಒಂದು ಪಾತರಗಿತ್ತಿ."

"ಶಿವ ಯಾವ ರೂಪದಾಗ ಬರ್ತಾನ ಅಂತ ಯಾರು ಹೇಳಬೇಕು?"

"ಶಿವ ಅಲ್ರಿ. ಪಾತರಗಿತ್ತಿ. ಮುಂದಿನ ಕಾಲು ಮಡಚಿಕೊಂಡು ಹಿಂದಿನ ನಾಕು ಕಾಲಿನ ಮ್ಯಾಲ ನಿಂತಿತ್ತು. ನಾ ಬರಾಬರ್ ನೋಡೀನಿ."

ಬೀಗರು ಕಣ್ಣು ಮುಚ್ಚಿದರು. "ನಾಕು ಕಾಲು. ಹಂಗಾದ್ರ ಬಸವಣ್ಣ."

ಒಳಗೆ ಅಡುಗೆಮನೆಯಲ್ಲಿ ಪಾತ್ರೆಯೊಂದು ಬಿದ್ದ ಸದ್ದಾಯಿತು. ತಾನಾಗಿ ಬಿದ್ದದ್ದಲ್ಲ ಎಂದು ನನಗೂ ಕಾಕಾನಿಗೂ ತಿಳಿಯಿತು.

ಆಮೇಲೆ ಕಾಕಾನಿಗೆ ಒಂದೇ ಯೋಚನೆ. ಆ ಪಾತರಗಿತ್ತಿಯನ್ನು ಹುಡುಕಿ ತಂದು ಚಿಗವ್ವನಿಗೆ ಒಮ್ಮೆ ತೋರಿಸಬೇಕು. ತಾನೇಕೆ ಅಲ್ಲಿ ಕುಳಿತುಬಿಟ್ಟೆ ಎಂಬುದು ಬಾಯಿಂದ ಹೇಳಲು ಬಾರದಂತೆ, ನೋಡಿದರೆ ಅವಳಿಗೇ ತಿಳಿಯುತ್ತದಂತೆ. "ಅದೇನು ಹೇಳಲಾರದಂಥಾದ್ದು ಕಾಕಾ?" ಎಂದರೆ "ನಿನಗ ತಿಳಿಯಂಗಿಲ್ಲ ಬಿಡು" ಎಂದು ಡಬ್ಬಿಗಳ ಧೂಳು ಒರೆಸುತ್ತಿದ್ದ. ಹುಳ ತರುವ ರೈತರಿಗೆಲ್ಲ ಹೇಳಿದ: ಕಂದು ಬಣ್ಣದ ಪಾತರಗಿತ್ತಿ, ರೆಕ್ಕೆಯ ಮೇಲೆ ಒಂದು ಕರಿಯ ಕಣ್ಣು, ಕಣ್ಣಿನ ಸುತ್ತ ಅರಿಶಿನದ ಗೆರೆ, ನಡುವೆ ಬಿಳಿಯ ಚುಕ್ಕೆ, ಕಂಡರೆ ತರಬೇಕು, ಕೊಲ್ಲಬಾರದು.

ಎಣ್ಣೆ ಅಂಗಡಿಯವನು ಕೊಲ್ಲಬಾರದು ಎಂದರೆ ಜನ ನಗದಿರುತ್ತಾರೆಯೇ? ನಕ್ಕರು, ತಂದೂ ಕೊಟ್ಟರು. ಬಾಟಲಿ ಬಾಟಲಿ ಪಾತರಗಿತ್ತಿ! ಒಬ್ಬ ಜಿರಳೆ ತಂದ, ಕಂದು ಎಂದರೆ ಕಂದೇ ಅಲ್ಲವೇ ಎಂದು ವಾದ ಮಾಡಿದ. ಕಾಕಾ ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಿ "ಇದಲ್ಲ" ಎಂದು ಹಿತ್ತಲಲ್ಲಿ ಬಿಡುತ್ತಿದ್ದ. ಜಿರಳೆಯನ್ನೂ ಅಲ್ಲೇ ಬಿಟ್ಟ. ಆ ವಿಷಯದಲ್ಲಿ ಚಿಗವ್ವ ನನ್ನ ಮೂಲಕ ಹೇಳಿ ಕಳಿಸಿದ್ದನ್ನು ಇಲ್ಲಿ ಬರೆಯಲಾರೆ.

ಹಟ್ಟಿಯಲ್ಲಿ ನಮ್ಮ ಸಂಬಂಧಿಯೊಬ್ಬನಿದ್ದಾನೆ, ಚಿನ್ನದ ಗಣಿಯಲ್ಲಿ ಕೆಲಸ. ಬೆಳಗಿನ ಹೊತ್ತು ಶಿಫ್ಟ್ ಮುಗಿಸಿ ಕ್ವಾರ್ಟರ್ಸಿಗೆ ಬಂದವನು ಫೋನು ಮಾಡಿದ: "ಕಾಕಾ, ನಮ್ಮ ಗ್ವಾಡಿ ಮ್ಯಾಲ ಕುಂತೈತಿ, ಜಲ್ದಿ ಬರ್ರಿ." ನಾವು ಅಂಗಡಿ ಮುಚ್ಚಿ ಬಸ್ಸು ಹಿಡಿದು ಹೋದೆವು. ಅದು ಜೇಡರ ಬಲೆಗೆ ಸಿಕ್ಕಿದ್ದ ಒಣಗಿದ ಎಲೆ. ನಿದ್ದೆಗಣ್ಣಿನ ಮನುಷ್ಯ, ಏನು ಮಾಡಿಯಾನು! ಕಾಕಾ ಆ ಎಲೆಯನ್ನೂ ತಿರುಗಿಸಿ ತಿರುಗಿಸಿ ನೋಡಿ, "ಬಣ್ಣ ಮಾತ್ರ ಖರೇ ಐತಿ" ಎಂದು ಅವನ ಮನಸ್ಸು ನೋಯದಂತೆ ಚಾ ಕುಡಿದು ಬಂದ.

ಒಂದು ಭಾನುವಾರ ಮಸ್ಕಿಯ ಗುಡ್ಡ. ಆ ಹುಳ ಎತ್ತರದಲ್ಲೇ ಇರುವುದು, ನಮಗೆ ಇರುವ ಎತ್ತರ ಇದೊಂದೇ ಎಂಬುದು ಕಾಕಾನ ಲೆಕ್ಕ. ಬಂಡೆಗಳು ಕಾದ ಹೆಂಚಾಗಿದ್ದವು. ಕಾಕಾ ಬಂಡೆ ಬಂಡೆಗೂ ಬಗ್ಗಿ ನೋಡುತ್ತ, ನಾನು ಅವನ ಹಿಂದೆ ಕೊಡೆ ಹಿಡಿದು ಬೈಯುತ್ತ, ಇಬ್ಬರೂ ತುದಿ ಮುಟ್ಟಿ ಏನೂ ಸಿಗದೆ ಇಳಿದೆವು. ಅರ್ಧ ಇಳಿದ ಮೇಲೆ ಎದುರಿಗೆ ಏರುತ್ತಿದ್ದವರೊಬ್ಬರು "ಮಲ್ಲಯ್ಯನ ದರ್ಶನ ಆತೇನ್ರಿ?" ಎಂದು ಕೇಳಿದರು. ಕಾಕಾ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಗುಡಿಯ ಪಕ್ಕದಲ್ಲೇ ಸುತ್ತಾಡಿ ಒಳಗೆ ಹೋಗುವುದನ್ನು ಇಬ್ಬರೂ ಮರೆತಿದ್ದೆವು! ತಿರುಗಿ ಏರಲು ನಮ್ಮ ಮೊಣಕಾಲುಗಳು ಒಪ್ಪಲಿಲ್ಲ.

ಮನೆಗೆ ಬಂದಾಗ ಚಿಗವ್ವ ನನ್ನನ್ನು ಕೇಳಿದಳು, ನಾನು ಹೇಳಿಬಿಟ್ಟೆ. ಆಕೆ ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸದೆ ಹೇಳಿದಳು:

"ಅವರಿಗೆ ಕೇಳು, ಕೇದಾರ ಬಿಟ್ಟಾತು, ಮಲ್ಲಯ್ಯನ್ನ ಬಿಟ್ಟಾತು, ಇನ್ನ ಶ್ರೀಶೈಲ ಯಾವಾಗ ಬಿಡ್ತಾರಂತ."

ನನಗೆ ನಗು ತಡೆಯಲಾಗಲಿಲ್ಲ. ಕಾಕಾ ನಗಲಿಲ್ಲ. ಆ ದಿನ ಅವನು ಊಟಕ್ಕೆ ಕುಳಿತು ರೊಟ್ಟಿ ಮುರಿದು ಹಾಗೇ ಇಟ್ಟುಕೊಂಡಿದ್ದ. ತಮಾಷೆಯಾಗಿ ಶುರುವಾದದ್ದು ತಮಾಷೆಯಾಗಿ ಉಳಿದಿಲ್ಲ ಎಂದು ನನಗೆ ಅನ್ನಿಸಿದ್ದು ಆಗಲೇ. ನಾಗರಪಂಚಮಿ ಬಂತು. ಚಿಗವ್ವ ಉಂಡಿ ಕಟ್ಟಿ ನನ್ನ ಕೈಯಲ್ಲಿ ಕೊಟ್ಟು "ಅವರಿಗೆ ಕೊಡು" ಎಂದಳು. ಆಕೆಗೂ ಇದು ಸಾಕಾಗಿತ್ತು. ಆದರೆ ಆಕೆಯ ಹರಕೆ ಅಲ್ಲೇ ಮೇಲೆ ನಿಂತಿತ್ತು. ತಾನು ಯಾರ ಪ್ರಾಣಕ್ಕಾಗಿ ಬೇಡಿಕೊಂಡಳೋ ಅವನೇ ಅದನ್ನು ಒಂದು ಹುಳಕ್ಕಾಗಿ ಬಿಟ್ಟು ಬಂದ ಎಂಬುದನ್ನು ನುಂಗುವುದು ಹೇಗೆ? ಮುಂದೆ ಆ ಬೆಟ್ಟ ಹತ್ತುವ ಶಕ್ತಿ ತನಗಿಲ್ಲ ಎಂಬುದೂ ಆಕೆಗೆ ಗೊತ್ತಿತ್ತು.

ಮುಕ್ಕುಂದದ ರೈತನೊಬ್ಬ ಒಂದು ದಿನ ಎರಡು ಬಾಟಲಿ ತಂದ. ಒಂದರಲ್ಲಿ ಕಂದು ಪಾತರಗಿತ್ತಿ, ರೆಕ್ಕೆಯ ಮೇಲೆ ಕಣ್ಣೂ ಇತ್ತು. ಇನ್ನೊಂದರಲ್ಲಿ ಭತ್ತದ ಎಲೆ, ಎಲೆಯ ಮೇಲೆ ಹಸಿರು ಹುಳ, ಅದರ ತಲೆಗೆ ಎರಡು ಸಣ್ಣ ಕೊಂಬು. "ಒಂದಕ್ಕ ಎಣ್ಣಿ ಕೊಡ್ರಿ, ಇನ್ನೊಂದು ನಿಮಗ" ಎಂದ. ಕಾಕಾ ಎರಡನ್ನೂ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಇದಲ್ಲ ಅದು. ಇದು ಅದಕ್ಕಿಂತ ದೊಡ್ಡದು. ಆದ್ರ ಅದರ ಬಳಗ. ಈ ಹುಳನ ಮುಂದ ಆ ಬಾಟಲಿಯಾಗಿನ ಪಾತರಗಿತ್ತಿ ಆಗೂದು."

"ಆಗ್ಲಿ ಬಿಡ್ರಿ, ಎಣ್ಣಿ ಯಾವುದು?"

"ನಾಕು ಎಲಿ ತಿಂದು ಹೋಗ್ತೈತಿ. ಇದಕ್ಕ ಎಣ್ಣಿ ಬ್ಯಾಡ."

ರೈತ ನೇರ ಎದುರಿನ ಅಂಗಡಿಗೆ ಹೋದ. ಕಾಕಾ ಪಾತರಗಿತ್ತಿಯನ್ನು ಹಿತ್ತಲಲ್ಲಿ ಬಿಟ್ಟು ಬಂದು ಖಾಲಿ ಬಾಟಲಿ ಹಿಡಿದುಕೊಂಡು ಕುಳಿತ. "ಇಷ್ಟು ವರ್ಷ ಹುಳ ನೋಡಿದೆ ಯವ್ವಾ, ಅದು ಮುಂದ ಏನಾಗ್ತಿತ್ತು ಅಂತ ನೋಡಲೇ ಇಲ್ಲ" ಎಂದ. ಎಣ್ಣೆ ಮಾರುವವನು ಹೀಗೆಲ್ಲ ಯೋಚನೆ ಮಾಡಿದರೆ ಅಂಗಡಿಯ ಗತಿ ಏನು ಎಂದು ನಾನು ರೇಗಿದೆ.

ಕೊನೆಗೆ ನಾನೇ ಅವನನ್ನು ಲಿಂಗಸುಗೂರಿಗೆ ಕರೆದುಕೊಂಡು ಹೋದೆ. ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಮೇಷ್ಟ್ರು ಕಾಕಾನ ವರ್ಣನೆಯನ್ನೆಲ್ಲ ತಾಳ್ಮೆಯಿಂದ ಕೇಳಿ, ಕಂಪ್ಯೂಟರಿನಲ್ಲಿ ಚಿತ್ರಗಳನ್ನು ತೋರಿಸುತ್ತ ಹೋದರು. ಒಂದು ಚಿತ್ರಕ್ಕೆ ಕಾಕಾ ಎದ್ದು ನಿಂತ.

"ಇದ. ಇದು ಇಲ್ಲಿ ಎಲ್ಲಿ ಸಿಗ್ತದ್ರಿ ಸರ?"

"ಸಿಗಂಗಿಲ್ಲ ಯಜಮಾನ್ರ. ಇವು ಎತ್ತರದ ಬೆಟ್ಟದಾಗ, ಥಂಡಿಯೊಳಗ ಇರೂ ಜಾತಿ. ಬಿಸಿಲು ಹೀರಿಕೊಳ್ಳಲಿ ಅಂತನ ಕಂದು ಬಣ್ಣ ಬಂದೈತಿ. ನಮ್ಮ ಸಿಂಧನೂರು ಬಿಸಲಿಗೆ ತಂದ್ರ ಒಂದು ದಿನಾನೂ ಬದುಕಂಗಿಲ್ಲ."

ಬಸ್ಸಿನಲ್ಲಿ ಬರುವಾಗ ಕಾಕಾ ಕಿಟಕಿಯ ಪಕ್ಕ ಕುಳಿತ. ಮಸ್ಕಿ ದಾಟಿದ ಮೇಲೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದ: "ಆಕಿಗೆ ಅಲ್ಲಿ ಉಸಿರು ಹತ್ತಂಗಿಲ್ಲ. ಅದಕ್ಕ ಇಲ್ಲಿ ಹತ್ತಂಗಿಲ್ಲ. ಎಲ್ಲಿ ತೋರಿಸ್ಲಿ?" ಮರುದಿನದಿಂದ ಅವನು ಬಾಟಲಿ ತಂದವರಿಗೆ "ಬ್ಯಾಡ್ರಪ್ಪ, ಆತು" ಎಂದು ಹೇಳಿ ಕಳಿಸತೊಡಗಿದ. ಊರಿಗೆ ಒಂದು ಮನರಂಜನೆ ತಪ್ಪಿತು.

ಭತ್ತ ತೆನೆ ಬಿಚ್ಚುವ ದಿನಗಳು ಬಂದವು. ಒಂದು ದಿನ ದೀಪ ಹಚ್ಚುವ ಹೊತ್ತಿಗೆ ನಾವು ಅವರ ಮನೆಯ ಪಡಸಾಲೆಯಲ್ಲಿ ಕುಳಿತಿದ್ದೆವು. ಒಂದು ಕಡೆ ಚಿಗವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು, ಇನ್ನೊಂದು ಕಡೆ ಕಾಕಾ ಅಂಗಡಿಯಿಂದ ಬಂದು ಗೋಡೆಗೊರಗಿದ್ದ, ನಡುವೆ, ಮಾತು ದಾಟಿಸುವ ನನ್ನ ನೌಕರಿಯ ಜಾಗದಲ್ಲಿ, ನಾನು ಚಾ ಕುಡಿಯುತ್ತಿದ್ದೆ. ಟ್ಯೂಬ್‌ಲೈಟ್ ಹಾಕಿದ ಸ್ವಲ್ಪ ಹೊತ್ತಿಗೆ ಗದ್ದೆಯ ಕಡೆಯಿಂದ ಏನೋ ಹಾರಿಬಂದು ಗೋಡೆಗೆ ಅಂಟಿತು. ಚಿಗವ್ವ ತಲೆಯೆತ್ತಿ ನೋಡಿದಳು. ಮೊರ ಕೆಳಗಿಟ್ಟಳು.

"ಏನ್ರಿ, ಇಲ್ಲಿ ಬರ್ರಿ."

ಯಾರನ್ನು ಕರೆದಳು ಎಂದು ನಾನು ಹಿಂದೆ ತಿರುಗಿ ನೋಡಿದೆ. ಕಾಕಾನೂ ನೋಡಿದ. ಆಮೇಲೆ ಎದ್ದು ಹೋದ. ಗೋಡೆಯ ಮೇಲೆ ಕಂದು ಬಣ್ಣದ ಪಾತರಗಿತ್ತಿ ರೆಕ್ಕೆ ಮಡಚಿ ಕುಳಿತಿತ್ತು.

"ಇದ ಏನು ಅದು?"

ಇದೊಂದು ಸಲ ಹೌದು ಅಂದುಬಿಡು ಕಾಕಾ, ನಿನ್ನ ಕಾಲಿಗೆ ಬೀಳುತ್ತೇನೆ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದು ಮಾತು, ಎಲ್ಲ ಮುಗಿಯುತ್ತದೆ. ಕಾಕಾ ಕನ್ನಡಕ ಏರಿಸಿ, ಬಗ್ಗಿ ನೋಡಿದ.

"ಅಲ್ಲ. ಇದು ಭತ್ತದ ಗದ್ಯಾಗಿಂದು. ಅದು ಸಣ್ಣದಿತ್ತು. ಅದು ಇಲ್ಲಿಗೆ ಬರಂಗಿಲ್ಲ. ನಾ ಸುಮ್ಮನ ಹುಡುಕಿದೆ."

ಮುಗಿಯಿತು ಎಂದುಕೊಂಡೆ. ಆದರೆ ಚಿಗವ್ವ ಈ ಸಲ ಕೈ ಎತ್ತಲಿಲ್ಲ.

"ಅದು ಎಲ್ಲಿ ಕುಂತಿತ್ತು?"

ಕಾಕಾ ನನ್ನ ಕಡೆ ನೋಡಿದ, ನೆಲ ನೋಡಿದ. "ನಿನ್ನ ಶಾಲಿನ ಮ್ಯಾಲ."

"ನನ್ನ ಶಾಲು?"

"ಮ್ಯಾಲ ಥಂಡಿ ಇರ್ತೈತಿ ಅಂತ ನಿನ್ನ ಮೈಮ್ಯಾಲಿಂದು ತಗದು ಹೊಚ್ಚಿ ಕಳಿಸಿದ್ದಿಯಲ್ಲ, ಅದು. ಸಾಲಿನ್ಯಾಗ ಕಾಲು ಸೋತು ಒಂದು ಕಲ್ಲಿನ ಮ್ಯಾಲ ಕುಂತಿದ್ದೆ. ಶಾಲು ತೊಡಿ ಮ್ಯಾಲ ಇತ್ತು. ಅದು ಥಂಡಿಗೆ ಹಾರಾಕ ಆಗಲಾರದ ನೆಲಕ್ಕ ಬಿದ್ದು ಹೊಳ್ಳಾಡಾಕತ್ತಿತ್ತು. ಹೆಂಗೋ ಬಂದು ಶಾಲು ಏರಿತು. ರೆಕ್ಕಿ ತಗೀತು, ಮುಚ್ಚಿತು. ಉಸಿರಿಗೆ ಬಡದಾಡಿದಂಗ. ಎದ್ರ ಅದು ಬೀಳ್ತಿತ್ತು." ಕಾಕಾ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದ. "ಕೆಳಗ ನಿನ್ನ ಹಂಗ ಬಿಟ್ಟು ಬಂದಿದ್ದೆ. ಅದನ್ನೂ ಬಿಟ್ಟು ಏಳಾಕ ನನ್ನ ಕೈಲೆ ಆಗಲಿಲ್ಲ."

ಚಿಗವ್ವ ಮೊರದಲ್ಲಿದ್ದ ಅಕ್ಕಿಯನ್ನು ಸುಮ್ಮನೆ ಒಂದು ಕಡೆಗೆ ಸರಿಸಿದಳು. ಆಮೇಲೆ "ಇದನ್ನ ಅವತ್ತ ಹೇಳಾಕ ಏನಾಗಿತ್ತು?" ಎಂದಳು.

"ನೀ ಎಲ್ಲಿ ಹೇಳಗೊಟ್ಟಿ? ಮತ್ತ ಮಂದಿ ಇದ್ರು."

ಮಂದಿ ಎಂದರೆ ನಾನು. ಚಿಗವ್ವ ನನ್ನ ಕಡೆ ತಿರುಗಿ, "ನಿಮ್ಮ ಮನ್ಯಾಗ ಹಾದಿ ನೋಡ್ತಿರಬೇಕು, ಹೋಗವ್ವ ನೀ" ಎಂದಳು. ನಾನು ಲೋಟ ಇಟ್ಟು ಎದ್ದೆ. ಚಪ್ಪಲಿ ಮೆಟ್ಟಿ ಗೇಟು ಹಾಕುವಾಗ ಒಳಗಿನಿಂದ ಚಿಗವ್ವನ ಮಾತು ಕೇಳಿಸಿತು.

"ಇನ್ನೊಮ್ಮೆ ಹೇಳ್ರಿ. ರೆಕ್ಕಿ ಹೆಂಗ ತಗೀತಿತ್ತು?"